ಅರಗಿನ ಮನೆ ಬೇಡ, ವರ್ಕ್‌ಶಾಪಿನಲ್ಲಿ ಒಂದು ಮೂಲೆ ಕೊಡಿ

ಹಾಸ್ಟೆಲಿನ ನೋಟಿಸ್ ಬೋರ್ಡಿಗೆ ಕಳೆದ ತಿಂಗಳು ಒಂದು ಸುತ್ತೋಲೆ ಬಂತು. ರೂಮು, ಬಾತ್‌ರೂಮು, ಕಾರಿಡಾರು, ಟೆರೇಸು, ಎಲ್ಲೂ ಸ್ಪ್ರೇ ಪೇಂಟ್ ಹೊಡೆಯುವಂತಿಲ್ಲ. ಡಬ್ಬಿ ಸಿಕ್ಕಿದರೆ ವಾರ್ಡನ್ ಆಫೀಸಿಗೆ ಹೋಗುತ್ತೆ. ಬೆಳಗ್ಗೆ ಇಡ್ಲಿ ಕ್ಯೂನಲ್ಲಿ ನಿಂತು ಓದಿದ ಬಹಳಷ್ಟು ಜನಕ್ಕೆ ಇದು ಯಾರಿಗೆ ಹಾಕಿದ್ದು ಅಂತಲೇ ಗೊತ್ತಾಗಲಿಲ್ಲ. ನಮಗೇ ಹಾಕಿದ್ದು. ನಾವು ಅಂದ್ರೆ ಮೂರು ಬ್ರಾಂಚಿನ ಒಂಬತ್ತು ಜನ. ಪ್ಲಾಸ್ಟಿಕ್ ಬಿಡಿಭಾಗಗಳಿಂದ ಸ್ಕೇಲ್ ಮಾಡೆಲ್ ಕಾರು ಜೋಡಿಸಿ ಅದಕ್ಕೆ ಬಣ್ಣ ಹೊಡೆಯೋದು ನಮ್ಮ ಹವ್ಯಾಸ.

ಸುತ್ತೋಲೆ ವಿರುದ್ಧ ಬರೀತಾ ಇದ್ದೀವಿ ಅಂದ್ಕೋಬೇಡಿ. ಸುತ್ತೋಲೆ ಸರಿಯಾಗಿದೆ. ಹಾಸ್ಟೆಲ್ ರೂಮು ಬಣ್ಣ ಹೊಡೆಯೋ ಜಾಗ ಅಲ್ಲ, ಯಾಕೆ ಅಲ್ಲ ಅನ್ನೋದನ್ನ ಮುಂದೆ ನಾವೇ ವಿವರವಾಗಿ ಹೇಳ್ತೀವಿ. ನಮ್ಮ ತಕರಾರು ಇಷ್ಟೇ: ‘ಇಲ್ಲಿ ಬೇಡ’ ಅಂದಮೇಲೆ ‘ಅಲ್ಲಿ ಮಾಡಿ’ ಅನ್ನೋ ಇನ್ನೊಂದು ಸಾಲು ಬೇಕಿತ್ತು. ಮೆಕ್ಯಾನಿಕಲ್ ವರ್ಕ್‌ಶಾಪಿನಲ್ಲಿ ಫಿಟ್ಟಿಂಗ್ ವಿಭಾಗದ ಪಕ್ಕ, ಮುರಿದ ಸ್ಟೂಲು ಮತ್ತು ಹಳೇ ಡ್ರಾಯಿಂಗ್ ಬೋರ್ಡು ಪೇರಿಸಿಟ್ಟ ಒಂದು ಮೂಲೆ ಇದೆ. ಹೊರಗೋಡೆಗೆ ಕಿಟಕಿ ಇದೆ, ವೆಲ್ಡಿಂಗ್ ಶೆಡ್ಡು ಅಲ್ಲಿಂದ ದೂರ. ಆ ಮೂಲೆ ಬೇಕು. ನಮಗೆ ಮಾತ್ರ ಅಲ್ಲ, ಫೆಸ್ಟ್ ಬೋರ್ಡಿಗೆ, ರೋಬೋ ಚಾಸಿಗೆ, ಬಾಹಾ ಟೀಮಿನ ಪ್ಯಾನಲ್ಲಿಗೆ ಬಣ್ಣ ಹೊಡೆಯೋ ಎಲ್ಲರಿಗೂ.

ಮೊದಲು ಹೆಸರಿನ ಗೊಂದಲ ಬಗೆಹರಿಸಿಬಿಡೋಣ. ವಿಷಯ ತೆಗೆದ ತಕ್ಷಣ ‘ಓ, ಹಾಟ್ ವೀಲ್ಸಾ?’ ಅಂತ ಕೇಳ್ತಾರೆ. ಹಾಟ್ ವೀಲ್ಸ್ 1968ರಿಂದ ಬರ್ತಾ ಇರೋ ಲೋಹದ ಅಚ್ಚಿನ ಕಾರು. ಸುಮಾರು 1:64 ಅಳತೆ, ಬಣ್ಣ ಹಚ್ಚಿಕೊಂಡೇ ಪ್ಯಾಕೆಟ್ಟಿನೊಳಗೆ ಕೂತಿರುತ್ತೆ. ಅದನ್ನ ಕೂಡಿಡೋದೂ ಒಂದು ಖುಷಿ, ಅದರ ಬಗ್ಗೆ ನಮಗೆ ಕೊಂಕಿಲ್ಲ (ನಮ್ಮಲ್ಲೇ ಒಬ್ಬನ ಟ್ರಂಕಿನಲ್ಲಿ ನಲವತ್ತು ಇವೆ). ನಾವು ಮಾಡೋದು ಬೇರೆ. ನಮ್ಮ ಡಬ್ಬ ತೆಗೆದರೆ ಒಳಗೆ ಕಾರು ಇರಲ್ಲ. ಪಾಲಿಸ್ಟೈರೀನ್ ಚೌಕಟ್ಟುಗಳಿಗೆ ಅಂಟಿಕೊಂಡ ಹತ್ತಾರು ತುಂಡು, ರಬ್ಬರಿನ ನಾಲ್ಕು ಟೈರು, ನೀರಲ್ಲಿ ನೆನೆಸಿ ಅಂಟಿಸೋ ಸ್ಟಿಕ್ಕರ್ ಹಾಳೆ, ಜಪಾನೀಸ್ ಅಕ್ಷರ ತುಂಬಿರೋ ಒಂದು ಮಡಿಕೆ ಕಾಗದ. ಅಷ್ಟೇ. ಸ್ಟೀರಿಂಗ್, ಡ್ಯಾಶ್‌ಬೋರ್ಡು, ಸೈಲೆನ್ಸರ್, ವೈಪರ್ ಕಡ್ಡಿ ಎಲ್ಲಾ ಬೇರೆ ಬೇರೆ.

ಹೆಚ್ಚಾಗಿ ನಾವು ಮಾಡೋದು 1:24. ಯಾಕೆ ಇಪ್ಪತ್ನಾಲ್ಕು, ಯಾಕೆ ಸರಿಯಾಗಿ ಇಪ್ಪತ್ತೋ ಇಪ್ಪತ್ತೈದೋ ಅಲ್ಲ? ಅದು ಅಡಿ-ಇಂಚಿನ ಕಾಲದ ಲೆಕ್ಕ: ಒಂದು ಅಡಿಗೆ ಅರ್ಧ ಇಂಚು. 1:43 ಇನ್ನೂ ತಮಾಷೆ. ಬ್ರಿಟನ್ನಿನಲ್ಲಿ ‘ಓ ಗೇಜ್’ ಮಾದರಿ ರೈಲಿಗೆ ಒಂದು ಅಡಿಗೆ 7 ಮಿಲಿಮೀಟರ್ ಅಂತ ಅರ್ಧ ಇಂಗ್ಲಿಷ್ ಅರ್ಧ ಮೆಟ್ರಿಕ್ ಲೆಕ್ಕ ಹಿಡಿದ್ರು. ಆ ರೈಲಿನ ಪಕ್ಕ ನಿಲ್ಲಿಸೋ ಕಾರುಗಳೂ ಅದೇ ಅಳತೆಗೆ ಬಂದ್ವು. ಯೂನಿಟ್ ಬರೆಯದಿದ್ದರೆ ಅರ್ಧ ಮಾರ್ಕ್ಸ್ ಕತ್ತರಿಸೋ ನಮ್ಮ ಮೇಷ್ಟ್ರುಗಳು ಇದನ್ನ ನೋಡಿದ್ರೆ ಏನಂತಿದ್ರೋ.

ತೆರಿಗೆ ಉಳಿಸೋಕೆ 4 ಮೀಟರಿನೊಳಗೆ ಮುದುಡಿಕೊಂಡಿರೋ ನಮ್ಮ ದೇಶದ ಕಾರುಗಳು 1:24ರಲ್ಲಿ 16.7 ಸೆಂ.ಮೀ.ಗೆ ಇಳೀತವೆ. ಉದ್ದ 24 ಪಾಲು ಕಮ್ಮಿ, ಆದ್ರೆ ಘನಫಲ 24ರ ಘನ, ಅಂದ್ರೆ 13,824 ಪಾಲು ಕಮ್ಮಿ. ಒಂದು ಟನ್ ಕಾರನ್ನ ಅದೇ ಸಾಮಗ್ರಿಯಲ್ಲಿ ಕುಗ್ಗಿಸಿದರೆ 72 ಗ್ರಾಂ. ಒಂದು ಕೋಳಿಮೊಟ್ಟೆಗಿಂತ ಸ್ವಲ್ಪ ಜಾಸ್ತಿ. ಎಲ್ಲವೂ ಒಂದೇ ಪ್ರಮಾಣದಲ್ಲಿ ಕುಗ್ಗಲ್ಲ ಅನ್ನೋ ಈ ಮಾತು ಬಣ್ಣದ ವಿಷಯಕ್ಕೆ ಬಂದಾಗ ಮತ್ತೆ ಬರುತ್ತೆ, ನೆನಪಿಟ್ಕೊಳ್ಳಿ.

ಈಗ ಆ ಪ್ಲಾಸ್ಟಿಕ್ ಚೌಕಟ್ಟನ್ನ ಬೆಳಕಿಗೆ ಹಿಡೀರಿ. ಮ್ಯಾನುಫ್ಯಾಕ್ಚರಿಂಗ್ ಪ್ರೊಸೆಸ್ ಪೇಪರಿನ ಇಂಜೆಕ್ಷನ್ ಮೋಲ್ಡಿಂಗ್ ಪಾಠ ಪೂರ್ತಿ ಅಲ್ಲಿದೆ. ಕರಗಿದ ಪ್ಲಾಸ್ಟಿಕ್ ಓಡಿದ ರನ್ನರ್ರು, ಒಳಗೆ ನುಗ್ಗಿದ ಗೇಟು, ಅಚ್ಚಿನ ಎರಡು ಹೋಳು ಸೇರಿದ ಕಡೆ ಕೂದಲೆಳೆಯಷ್ಟು ಗೆರೆ. ಸೀಟಿನ ಹಿಂದೆ ಕಾಣೋ ದುಂಡನೆ ಗುರುತು ಇಜೆಕ್ಟರ್ ಪಿನ್ ತಳ್ಳಿದ ಜಾಗ. ದಪ್ಪ ಇರೋ ಕಡೆ ಮೇಲ್ಮೈ ಗುಳಿ ಬಿದ್ದಿದ್ರೆ ಅದು ಸಿಂಕ್ ಮಾರ್ಕ್: ಒಳಗಿನ ಪ್ಲಾಸ್ಟಿಕ್ ನಿಧಾನಕ್ಕೆ ತಣ್ಣಗಾಗ್ತಾ ಕುಗ್ಗಿ ಚರ್ಮವನ್ನ ಒಳಗೆ ಎಳ್ಕೊಂಡಿದೆ. ಇದನ್ನೆಲ್ಲ ನಾವು ಆರು ಮಾರ್ಕಿಗೆ ‘ವಿತ್ ನೀಟ್ ಸ್ಕೆಚ್’ ಬರೆದಿದ್ದೀವಿ. ಬೆರಳಿಗೆ ಸಿಕ್ಕಿದ್ದು ಇಲ್ಲಿ. ಅಂಟಿನ ಕಥೆಯೂ ಹಾಗೇ. ಮಾಡೆಲ್ ಸಿಮೆಂಟ್ ಅನ್ನೋದು ನಿಜವಾಗಿ ಅಂಟಲ್ಲ, ದ್ರಾವಕ. ಪ್ಲಾಸ್ಟಿಕ್ಕಿನ ಎರಡೂ ಮುಖ ಕರಗಿಸಿ ಒಂದಕ್ಕೊಂದು ಬೆಸೆಯುತ್ತೆ. ಫೆವಿಕ್ವಿಕ್ ಥರದ ಅಂಟನ್ನ ಕಾರಿನ ಗಾಜಿನ ಹತ್ತಿರ ತಂದರೆ ಅದರ ಆವಿಗೆ ಗಾಜು ಮಂಜು ಹಿಡಿದ ಹಾಗೆ ಬೆಳ್ಳಗಾಗುತ್ತೆ. ಗಾಜಿಗೆ ಒಣಗಿದ ಮೇಲೆ ಪಾರದರ್ಶಕ ಆಗೋ ಬಿಳಿ ಅಂಟೇ ಆಗಬೇಕು.

ಜೋಡಣೆ ಇಷ್ಟು ಸಾಕು. ಜೋಡಣೆ ತಾಳ್ಮೆ ಇರೋ ಯಾರಿಗಾದ್ರೂ ಬರುತ್ತೆ. ನಿಜವಾದ ಪರೀಕ್ಷೆ ಬಣ್ಣ.

ಬಣ್ಣದ ಬಗ್ಗೆ ನಮಗೆ ಅರ್ಧಕ್ಕರ್ಧ ಕಲಿಸಿದ್ದು ಯೂಟ್ಯೂಬ್ ಅಲ್ಲ, ಕಾಲೇಜಿನ ಹಿಂದಿನ ರಸ್ತೆಯಲ್ಲಿರೋ ಟಿಂಕರಿಂಗ್-ಪೇಂಟಿಂಗ್ ಶೆಡ್ಡಿನ ಅಣ್ಣ. ಸಾವಿರದ ವಾಟರ್ ಪೇಪರ್ ಎಲ್ಲಿ ಸಿಗುತ್ತೆ ಅಂತ ಕೇಳೋಕೆ ಹೋಗಿದ್ವಿ. ಕಾರಿನ ಬಾಡಿ ಅಂಗೈ ಮೇಲೆ ಇಟ್ಟು ತೋರಿಸಿದಾಗ ಅವರು ನಗಲಿಲ್ಲ. ತಿರುಗಿಸಿ, ಬಾನೆಟ್ ಮೇಲೆ ಉಗುರು ಆಡಿಸಿ, ‘ಪ್ರೈಮರ್ ಹೊಡೆದ ಮೇಲೆ ಉಜ್ಜಿಲ್ವಾ ತಮ್ಮಾ?’ ಅಂದ್ರು. ಆಮೇಲೆ ಗನ್ ಹಿಡಿದು ಒಂದು ಬಾಗಿಲ ಮೇಲೆ ತೋರಿಸಿದ್ರು: ಗನ್ ಬಾಗಿಲ ಆಚೆಯೇ ಶುರು ಆಗಬೇಕು, ಆಚೆಯೇ ನಿಲ್ಲಬೇಕು. ಬಾಗಿಲ ಮೇಲೆ ಶುರು ಮಾಡಿದ್ರೆ ಆ ಜಾಗದಲ್ಲಿ ಬಣ್ಣ ಜಾಸ್ತಿ ಬಿದ್ದು ಇಳಿಯುತ್ತೆ. ಮಣಿಕಟ್ಟು ತಿರುಗಬಾರದು, ತೋಳು ಪೂರ್ತಿ ಓಡಬೇಕು. ತಿರುಗಿಸಿದ್ರೆ ಮಧ್ಯೆ ಹತ್ತಿರ, ಅಂಚಿಗೆ ದೂರ. ಪ್ರತಿ ಎಳೆ ಹಿಂದಿನ ಎಳೆಯ ಅರ್ಧ ಮುಚ್ಚಬೇಕು. ‘ಕಣ್ಣಿಗಿಂತ ಕಿವಿ ನಂಬು’ ಅಂದ್ರು. ಬಣ್ಣ ಗಟ್ಟಿ ಇದ್ರೆ ಗನ್ ಉಗುಳುತ್ತೆ, ಸರಿ ಇದ್ರೆ ಒಂದೇ ಸಮ ಉಸಿರು ಬಿಡುತ್ತೆ. ಈ ಅಣ್ಣ ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವರು. ನಮ್ಮ ಕ್ಯಾಂಪಸ್ಸಿನ ಗೋಡೆಯಿಂದ ಅವರ ಶೆಡ್ಡಿಗೆ ಇನ್ನೂರು ಹೆಜ್ಜೆ. ನಾಲ್ಕು ವರ್ಷದಲ್ಲಿ ಒಂದು ಗೆಸ್ಟ್ ಲೆಕ್ಚರಿಗೂ ಅವರನ್ನ ಯಾರೂ ಕರೆದಿಲ್ಲ ಅನ್ನೋದನ್ನ ಇಲ್ಲೇ ಹೇಳಿ ಮುಂದೆ ಹೋಗ್ತೀವಿ.

ಸ್ಪ್ರೇ ಡಬ್ಬಿಯಲ್ಲೂ ಏರ್‌ಬ್ರಷ್‌ನಲ್ಲೂ ಮೂಲ ಕೆಲಸ ಒಂದೇ: ದ್ರವವನ್ನ ಸಣ್ಣ ಹನಿಗಳಾಗಿ ಒಡೆದು ಮೇಲ್ಮೈಗೆ ಒಯ್ಯೋದು. ಏರ್‌ಬ್ರಷ್‌ನ ಮೂತಿ ಸಾಮಾನ್ಯವಾಗಿ 0.3 ಮಿ.ಮೀ.; ವೇಗವಾಗಿ ನುಗ್ಗೋ ಗಾಳಿ ಮೂತಿಯ ಹತ್ತಿರ ಒತ್ತಡ ಇಳಿಸಿ ಬಣ್ಣವನ್ನ ಸೆಳೆಯುತ್ತೆ, ಸೆಳೆದದ್ದನ್ನ ಹರಿದು ಹನಿ ಮಾಡುತ್ತೆ. ಬಣ್ಣ ಹಾಲಿನಷ್ಟು ತೆಳ್ಳಗಿರಬೇಕು, 15ರಿಂದ 20 ಪಿಎಸ್‌ಐ ಒತ್ತಡ ಸಾಕು. ಹಾರುವ ಆ ಹನಿಗೆ ಒಂದು ಸಣ್ಣ ಆಯುಷ್ಯ ಇದೆ. ಮೂತಿ ಬಿಟ್ಟ ಕ್ಷಣದಿಂದ ಅದರ ದ್ರಾವಕ ಆರ್ತಾ ಹೋಗುತ್ತೆ. ತೀರಾ ದೂರದಿಂದ ಹೊಡೆದ್ರೆ ಹನಿ ಅರ್ಧ ಒಣಗಿ ಬಂದು ಉಪ್ಪುಕಾಗದದ ಥರ ತರಿತರಿ. ತೀರಾ ಹತ್ತಿರದಿಂದ ಹೊಡೆದ್ರೆ ಕೆರೆ ಕಟ್ಟಿ ಕೆಳಗಿಳಿಯುತ್ತೆ. ಇವೆರಡರ ನಡುವೆ ಹನಿಗಳು ಒಂದಕ್ಕೊಂದು ಸೇರುತ್ತವೆ ಆದ್ರೆ ಪೂರ್ತಿ ಮಟ್ಟ ಆಗಲ್ಲ ಅನ್ನೋ ಒಂದು ಸ್ಥಿತಿ ಇದೆ, ಕಿತ್ತಳೆ ಸಿಪ್ಪೆ ಅಂತಾರೆ. ಪಾರ್ಕಿಂಗಿನಲ್ಲಿ ನಿಂತಿರೋ ಯಾವುದೇ ಹೊಸ ಕಾರಿನ ಬಾಗಿಲಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ ನೋಡಿ, ಅಂಚು ಸ್ವಲ್ಪ ಅಲೆ ಅಲೆಯಾಗಿ ಕಾಣುತ್ತೆ. ಕೋಟಿ ಕೊಟ್ಟರೂ ಪೂರ್ತಿ ಹೋಗಲ್ಲ ಅದು.

ಈಗ ಆ ‘ಎಲ್ಲವೂ ಒಂದೇ ಪ್ರಮಾಣದಲ್ಲಿ ಕುಗ್ಗಲ್ಲ’ ಅನ್ನೋ ಮಾತು. ನಿಜವಾದ ಕಾರಿನ ಬಣ್ಣ ಎಲ್ಲಾ ಪದರ ಸೇರಿ ಸುಮಾರು 120 ಮೈಕ್ರಾನ್. ಇದನ್ನ 24ರಿಂದ ಭಾಗಿಸಿದರೆ 5 ಮೈಕ್ರಾನ್. ಪ್ರೈಮರ್, ಬಣ್ಣ, ಮೇಲಿನ ಕ್ಲಿಯರ್ ಎಲ್ಲಾ ಸೇರಿಸಿ 5 ಮೈಕ್ರಾನಿನಲ್ಲಿ ಮುಗಿಸೋಕೆ ನಮ್ಮ ಡಬ್ಬಿಯಿಂದ ಆಗಲ್ಲ. 50 ಮೈಕ್ರಾನ್ ಕೂತರೆ ಅದು ನಿಜವಾದ ಕಾರಿಗೆ 1.2 ಮಿ.ಮೀ. ದಪ್ಪದ ಬಣ್ಣ ಬಳಿದ ಹಾಗೆ. ಗೋಡೆಗೆ ಗಾರೆ ಮಾಡಿದ ಹಾಗೆ ಅಂದ್ರೂ ನಡೆಯುತ್ತೆ. ಬಾಗಿಲಿಗೂ ಫೆಂಡರಿಗೂ ಮಧ್ಯದ ಸಂದು ನಿಜವಾದ ಕಾರಿನಲ್ಲಿ 4 ಮಿ.ಮೀ. ಇದ್ರೆ ಮಾದರಿಯಲ್ಲಿ 0.17 ಮಿ.ಮೀ. ಸಂದಿನ ಎರಡೂ ಗೋಡೆಗೆ 50 ಮೈಕ್ರಾನ್ ಕೂತರೆ ಉಳಿಯೋದು 0.07. ಬಾಗಿಲೇ ಮುಚ್ಚಿಹೋಯ್ತು! ಅದಕ್ಕೇ ಬಣ್ಣ ಹೊಡೆಯೋಕೆ ಮುಂಚೆ ಆ ಗೆರೆಗಳನ್ನೆಲ್ಲ ಸೂಜಿಯಂಥ ಉಪಕರಣದಿಂದ ಇನ್ನಷ್ಟು ಆಳ ಕೆರೆದು ಇಟ್ಟುಕೊಳ್ಳೋದು. ಮೆಟಾಲಿಕ್ ಬಣ್ಣದ ಕಷ್ಟವೂ ಇದೇ. ಅದರೊಳಗಿನ ಅಲ್ಯೂಮಿನಿಯಂ ಚೂರು 20 ಮೈಕ್ರಾನ್ ಇದ್ರೆ ಮಾದರಿಯ ಲೆಕ್ಕದಲ್ಲಿ ಅರ್ಧ ಮಿಲಿಮೀಟರ್. ಕಾರು ಕಾರಿನ ಥರ ಕಾಣಲ್ಲ, ಜಾತ್ರೆ ಬಳೆ ಥರ ಮಿನುಗುತ್ತೆ. ನಿಜವಾದ ಕಾರಿನ ಟಚ್-ಅಪ್ ಬಣ್ಣವನ್ನೇ ಮಾದರಿಗೆ ಹಾಕಿದ್ರೆ ‘ಒರಿಜಿನಲ್ ಕಲರ್’ ಆದ್ರೂ ಸುಳ್ಳು ಕಾಣೋದು ಇದಕ್ಕೇ.

ಪದರಗಳ ಕ್ರಮಕ್ಕೂ ಕಾರಣ ಇದೆ. ಎನಾಮೆಲ್ ಒಣಗಿದ ಮೇಲೆ ಅದರ ಮೇಲೆ ಲ್ಯಾಕರ್ ಹೊಡೆದ್ರೆ ಲ್ಯಾಕರಿನ ಬಿಸಿ ದ್ರಾವಕ ಕೆಳಗಿನ ಪದರವನ್ನ ಕೆಣಕಿ, ಬೇಸಿಗೆ ಕೆರೆ ಮಣ್ಣಿನ ಹಾಗೆ ಬಿರುಕು ಬಿಡಿಸುತ್ತೆ. ಲ್ಯಾಕರ್ ಮೇಲೆ ಎನಾಮೆಲ್ ಆದ್ರೆ ತೊಂದರೆ ಇಲ್ಲ. ಕೆಂಪು ಪ್ಲಾಸ್ಟಿಕ್ ಬಾಡಿಗೆ ಬಿಳಿ ಬಣ್ಣ ಹೊಡೆದ್ರೆ ಒಳಗಿನ ಬಣ್ಣ ಮೇಲೆ ಇಣುಕಿ ಕಾರು ಗುಲಾಬಿ ಆಗುತ್ತೆ. ನಡುವೆ ತಡೆಯೋ ಪ್ರೈಮರ್ ಬೇಕು. ಹಳದಿಯಂಥ ತೆಳು ಬಣ್ಣಕ್ಕೆ ಬೂದು ಪ್ರೈಮರ್ ಹಾಕಿದ್ರೆ ಎಷ್ಟು ಪದರ ಹೊಡೆದ್ರೂ ಪಾಚಿ ಕಟ್ಟಿದ ಹಳದಿ, ಬಿಳಿ ಪ್ರೈಮರ್ ಮೇಲೆ ಎರಡೇ ಪದರಕ್ಕೆ ಚೆಂಡು ಹೂವು.

ಮಳೆಗಾಲದಲ್ಲಂತೂ ಈ ಊರಲ್ಲಿ ಲ್ಯಾಕರ್ ಮುಟ್ಟೋದೇ ಧೈರ್ಯ. ದ್ರಾವಕ ಬೇಗ ಆರುವಾಗ ಮೇಲ್ಮೈಯನ್ನ ತಣ್ಣಗೆ ಮಾಡುತ್ತೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ರೆ ಆ ತಣ್ಣನೆ ಮೇಲ್ಮೈ ಮೇಲೆ ನೀರು ಕೂತು ಬಣ್ಣದೊಳಗೆ ಸೇರಿಕೊಳ್ಳುತ್ತೆ. ಕಪ್ಪು ಕಾರಿನ ಮೇಲೆ ವಿಭೂತಿ ಬಳಿದ ಹಾಗೆ ಬಿಳಿ ಪೊರೆ. ಥರ್ಮೋಡೈನಮಿಕ್ಸ್‌ನಲ್ಲಿ ವೆಟ್ ಬಲ್ಬ್, ಡ್ಯೂ ಪಾಯಿಂಟ್ ಅಂತ ಚಾರ್ಟ್ ನೋಡಿ ಲೆಕ್ಕ ಮಾಡ್ತೀವಲ್ಲ, ಅದೇ.

ಇನ್ನು ಒಣಗೋದು. ಬಣ್ಣ ಮುಟ್ಟೋಕೆ ಒಣಗಿದ್ದು ಬೇರೆ, ಒಳಗೆ ಒಣಗಿದ್ದು ಬೇರೆ. ಮೂಗಿನ ಹತ್ತಿರ ತಂದಾಗ ಇನ್ನೂ ವಾಸನೆ ಇದ್ರೆ ದ್ರಾವಕ ಇನ್ನೂ ಹೊರಡ್ತಾ ಇದೆ ಅಂತ ಅರ್ಥ. ಎನಾಮೆಲ್ ಆದ್ರೆ ಒಂದು ವಾರ ಬೇಕು ಅಂದ್ರೂ ಆಶ್ಚರ್ಯ ಇಲ್ಲ. ಆ ವಾರ ಪೂರ್ತಿ ಕಾರನ್ನ ಡಬ್ಬದೊಳಗೆ ಮುಚ್ಚಿಟ್ಟು ಮುಟ್ಟದೆ ಇರಬೇಕು. ಸಬ್‌ಮಿಷನ್ ಹಿಂದಿನ ರಾತ್ರಿ ನಾಲ್ಕು ಗಂಟೆಗೆ ರೆಕಾರ್ಡ್ ಬರೆದು ಬೆಳೆದ ನಮ್ಮ ಜಾತಿಗೆ ಇದಕ್ಕಿಂತ ಕಷ್ಟದ ಲ್ಯಾಬು ಇನ್ನೊಂದಿಲ್ಲ. ಇದಕ್ಕೆ ಆಲ್-ನೈಟರ್ ಇಲ್ಲ. ಜಾಗರಣೆ ಮಾಡಿದ್ರೂ ಬಣ್ಣ ಅದರ ಟೈಮಿಗೇ ಒಣಗೋದು.

ಲ್ಯಾಕರ್ ಅನ್ನೋ ಪದ ಎಲ್ಲಿಂದ ಬಂತು ಗೊತ್ತಾ? ನಮ್ಮ ಕಡೆಯ ಪದವೇ. ಸಂಸ್ಕೃತದ ಲಾಕ್ಷಾ, ಅಂದ್ರೆ ಅರಗು. ಕೀಟ ಸ್ರವಿಸೋ ಆ ಅಂಟು ಬೇರೆ ಬೇರೆ ಭಾಷೆ ದಾಟಿ ಯುರೋಪಿಗೆ ಹೋಗಿ ಲ್ಯಾಕರ್ ಆಯ್ತು. ಚನ್ನಪಟ್ಟಣದಲ್ಲಿ ಇವತ್ತಿಗೂ ತಿರುಗೋ ಲೇತಿನ ಮೇಲಿನ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿ ಒತ್ತಿ ಹಿಡೀತಾರೆ. ಉಜ್ಜಾಟದ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತುತ್ತೆ; ದ್ರಾವಕ ಇಲ್ಲ, ಹೊಗೆ ಇಲ್ಲ, ಒಣಗೋಕೆ ಕಾಯೋದೂ ಇಲ್ಲ. ನಮ್ಮ ಡಬ್ಬಿಯ ಲ್ಯಾಕರಿನಲ್ಲಿ ಅರಗು ಹೆಸರಿಗೂ ಇಲ್ಲ, ಇರೋದು ನೈಟ್ರೋಸೆಲ್ಯುಲೋಸೋ ಅಕ್ರಿಲಿಕ್ ರಾಳವೋ, ಜೊತೆಗೆ ಬೇಗ ಆರೋ ದ್ರಾವಕಗಳು. ಪಾಂಡವರನ್ನ ಸುಡೋಕೆ ದುರ್ಯೋಧನ ಅರಗನ್ನೇ ಯಾಕೆ ಆರಿಸ್ಕೊಂಡ ಅಂತ ಬಿಡಿಸಿ ಹೇಳಬೇಕಿಲ್ಲ. ಇವತ್ತಿನ ಲ್ಯಾಕರ್ ಅದಕ್ಕಿಂತ ಚುರುಕಾಗಿ ಹತ್ತಿಕೊಳ್ಳುತ್ತೆ. ಡಬ್ಬಿಯೊಳಗಿಂದ ಬಣ್ಣ ತಳ್ಳೋ ಅನಿಲವೂ ಬಹಳ ಸಲ ಅಡುಗೆ ಸಿಲಿಂಡರಿನ ಜಾತಿಯದ್ದೇ.

ಮೂರು ಜನ ಮಲಗೋ, ಒಂದೇ ಕಿಟಕಿ ಇರೋ, ಕದ್ದು ಮ್ಯಾಗಿ ಮಾಡೋ ಇಂಡಕ್ಷನ್ ಸ್ಟವ್ ಇರೋ ರೂಮಿನಲ್ಲಿ ಇದನ್ನ ಹೊಡೆದ್ರೆ ಅದೇ ಅರಗಿನ ಮನೆ. ಬೆಂಕಿ ಒಂದು ಕಡೆ. ಇನ್ನೊಂದು, ಉಸಿರು. ಕೋವಿಡ್ ಕಾಲದ ಎನ್-95 ಹಾಕ್ಕೊಂಡ್ರೆ ಸಾಕು ಅಂತ ಬಹಳ ಜನ ತಿಳ್ಕೊಂಡಿದ್ದಾರೆ. ಸಾಲದು. ಅದು ಕಣ ತಡೆಯುತ್ತೆ, ದ್ರಾವಕದ ಆವಿ ಅದರೊಳಗಿಂದ ಸಲೀಸಾಗಿ ದಾಟುತ್ತೆ. ಆವಿಗೆ ಇದ್ದಿಲಿನ ಕಾರ್ಟ್ರಿಜ್ ಇರೋ ಮಾಸ್ಕೇ ಬೇಕು. ಎರಡು ಭಾಗ ಬೆರೆಸಿ ಹೊಡೆಯೋ ಗ್ಯಾರೇಜಿನ ಟು-ಕೆ ಕ್ಲಿಯರ್ ಕೋಟಿನ ಹಾರ್ಡನರ್‌ನಲ್ಲಿ ಐಸೋಸೈನೇಟ್ ಇರುತ್ತೆ. ಅದು ಒಮ್ಮೆ ಉಸಿರುನಾಳಕ್ಕೆ ಒಗ್ಗದೆ ಹೋದ್ರೆ ಆಮೇಲೆ ಸ್ವಲ್ಪ ತಾಗಿದ್ರೂ ಆಸ್ತಮಾ ಬರಿಸೋ ವಸ್ತು. ಮಾದರಿ ಕಾರಿಗೆ ಗಾಜಿನಂಥ ಹೊಳಪು ಬರುತ್ತೆ ಅಂತ ಅದನ್ನ ಕ್ಯಾಂಪಸ್ಸಿಗೆ ತರೋದು ಬೇಡವೇ ಬೇಡ ಅನ್ನೋದು ನಮ್ಮ ಒಮ್ಮತ. ಶೆಡ್ಡಿನ ಅಣ್ಣ ಮುಖಕ್ಕೆ ಒಂದು ಕರ್ಚೀಫು ಕಟ್ಟಿಕೊಂಡು ಅದನ್ನೇ ದಿನಾ ಹೊಡೀತಾರೆ. ಕೆಮ್ಮುತ್ತಾರೆ. ಅವರಿಗೊಂದು ಕಾರ್ಟ್ರಿಜ್ ಮಾಸ್ಕ್ ತಂದು ಕೊಟ್ವಿ, ಶೆಕೆ ಅಂತ ಗೋಡೆಗೆ ನೇತು ಹಾಕಿದ್ದಾರೆ. ಸೇಫ್ಟಿ ಅನ್ನೋದು ಮಾಸ್ಕಿನಿಂದ ಶುರುವಾಗಲ್ಲ, ಗಾಳಿ ಆಡೋ ಜಾಗದಿಂದ ಶುರುವಾಗುತ್ತೆ ಅಂತ ನಮಗೆ ಅನ್ನಿಸಿದ್ದು ಅವತ್ತು.

ಹಾಗಾದ್ರೆ ನಾವು ಕೇಳ್ತಾ ಇರೋದು ಏನು? ಒಂದು ಸ್ಪ್ರೇ ಬೂತು. ಮುಂದೆ ತೆರೆದ ತಗಡಿನ ಪೆಟ್ಟಿಗೆ, ಹಿಂದೆ ಫಿಲ್ಟರು, ಅದರ ಹಿಂದೆ ಫ್ಯಾನು, ಕಿಟಕಿಯಿಂದಾಚೆ ಹೋಗೋ ಡಕ್ಟು. ಬಾಯಿ 60 × 45 ಸೆಂ.ಮೀ. ಅಂತಿಟ್ಕೊಳ್ಳಿ, 0.27 ಚದರ ಮೀಟರ್. ಆ ಬಾಯಲ್ಲಿ ಗಾಳಿ ಸೆಕೆಂಡಿಗೆ ಅರ್ಧ ಮೀಟರಿನ ವೇಗದಲ್ಲಿ ಒಳಗೆ ಹೋದರೆ ಆವಿ ನಮ್ಮ ಮುಖದ ಕಡೆ ವಾಪಸ್ ಬರಲ್ಲ. ಗುಣಿಸಿದರೆ ಗಂಟೆಗೆ 486 ಘನ ಮೀಟರ್. ಫ್ಯಾನಿನ ಡಬ್ಬಿ ಮೇಲೆ ಬರೆದಿರೋ ಅಂಕಿ ಯಾವ ಅಡ್ಡಿಯೂ ಇಲ್ಲದಾಗಿನದ್ದು. ಫಿಲ್ಟರ್, ಡಕ್ಟು, ಎರಡು ಬಾಗು ಸೇರಿಸಿದರೆ ಎಷ್ಟು ಇಳಿಯುತ್ತೆ ಅಂತ ಲೆಕ್ಕ ಹಾಕಿ ದೊಡ್ಡದನ್ನೇ ತರಬೇಕು. ಮೋಟಾರು ಗಾಳಿ ಹರಿಯೋ ದಾರಿಯಲ್ಲಿ ಕೂರಬಾರದು, ಕಿಡಿ ಹಾರಿದ್ರೆ ಅಲ್ಲೇ ಆವಿ ಇರುತ್ತೆ. ಬೆಲ್ಟಿನಿಂದ ತಿರುಗೋ ಬ್ಲೋವರೋ ಕಿಡಿ ಬಾರದ ಮೋಟಾರೋ ಬೇಕು. ಫ್ಲೂಯಿಡ್ ಮೆಕ್ಯಾನಿಕ್ಸ್, ಎಲೆಕ್ಟ್ರಿಕಲ್, ಶೀಟ್ ಮೆಟಲ್ ಮೂರೂ ಸೇರಿದ ಮಿನಿ ಪ್ರಾಜೆಕ್ಟ್ ಇದು. ಗಾಳಿಗೆ ವರ್ಕ್‌ಶಾಪಿನ ಕಂಪ್ರೆಸರೇ ಇದೆ, ರೆಗ್ಯುಲೇಟರು ಮತ್ತು ನೀರು ಹಿಡಿಯೋ ಟ್ರಾಪು ಸೇರಿಸಿದರೆ ಸಾಕು. ಪ್ರತಿ ವರ್ಷ ಇಂಟರ್ನೆಟ್ಟಿನಿಂದ ಇಳಿಸಿ ಬೈಂಡಿಂಗ್ ಮಾಡಿಸೋ ‘ಸ್ಮಾರ್ಟ್ ಡಸ್ಟ್‌ಬಿನ್’ಗಿಂತ ಇದು ವಾಸಿ ಅಂತ ನಮ್ಮ ವಿನಮ್ರ ಅಭಿಪ್ರಾಯ.

ಇಷ್ಟು ಹೇಳಿದಾಗ ಬರೋ ಪ್ರಶ್ನೆ ಯಾವಾಗಲೂ ಒಂದೇ. ‘ಸರಿ ಮಗಾ, ಇದರಿಂದ ಪ್ಲೇಸ್‌ಮೆಂಟಿಗೆ ಏನು ಉಪಯೋಗ?’

ಸುಲಭದ ಉತ್ತರ ಒಂದಿದೆ. ಅಮೆರಿಕದಲ್ಲಿ ಜನರಲ್ ಮೋಟಾರ್ಸ್‌ನ ಫಿಶರ್ ಬಾಡಿ ವಿಭಾಗ 1930ರಿಂದ 1968ರವರೆಗೆ ‘ಕ್ರಾಫ್ಟ್ಸ್‌ಮನ್ಸ್ ಗಿಲ್ಡ್’ ಅಂತ ಹುಡುಗರಿಗೆ ಸ್ಪರ್ಧೆ ನಡೆಸ್ತಿತ್ತು. ಮೊದಲು ನೆಪೋಲಿಯನ್ ಕಾಲದ ಕುದುರೆ ಗಾಡಿಯ ಮಾದರಿ, ಆಮೇಲೆ ತಾವೇ ಕಲ್ಪಿಸಿದ ಕಾರಿನ ಮಾದರಿ, 1:12 ಅಳತೆಯಲ್ಲಿ, ಕೈಯಲ್ಲೇ ಮಾಡಿ ಬಣ್ಣ ಹೊಡೆದು ಕಳಿಸಬೇಕಿತ್ತು. ಗೆದ್ದವರಿಗೆ ಕಾಲೇಜು ಸ್ಕಾಲರ್‌ಶಿಪ್. 1947ರಲ್ಲಿ ಗೆದ್ದ ಚಕ್ ಜೋರ್ಡನ್ ಮುಂದೆ ಅದೇ ಕಂಪನಿಯ ಡಿಸೈನ್ ಮುಖ್ಯಸ್ಥನಾದ. ಇನ್ನೊಂದು ಕಥೆ ಜಪಾನಿನ ಶಿಜುವೊಕದ ಟಮಿಯಾ ಕಂಪನಿಯದ್ದು. ಮರದ ವ್ಯಾಪಾರದಿಂದ ಶುರುವಾಗಿ ಪ್ಲಾಸ್ಟಿಕ್ ಮಾದರಿಗೆ ಬಂದ ಮನೆತನ. ಪೋರ್ಷೆ 934ರ ಮಾದರಿ ಮಾಡೋಕೆ ಫೋಟೋ, ಅಳತೆ ಯಾವುದೂ ಸಾಲದೆ ಶುನ್ಸಾಕು ಟಮಿಯಾ ಒಂದು ನಿಜವಾದ ಪೋರ್ಷೆ 911 ಕೊಂಡು ಪೂರ್ತಿ ಬಿಚ್ಚಿ ಹಾಕಿದ್ರು. ಮತ್ತೆ ಜೋಡಿಸೋಕೆ ಆಗದೆ ಪೋರ್ಷೆಯವರನ್ನೇ ಕರೆಸಬೇಕಾಯ್ತು. ಆ 1:12 ಮಾದರಿ 1976ರಲ್ಲಿ ಬಂತು, ಅದೇ ವರ್ಷ ಅದೇ ಬಾಡಿಯಿಂದ ಅವರ ಮೊದಲ ರಿಮೋಟ್ ಕಂಟ್ರೋಲ್ ಕಾರೂ ಬಂತು.

ಈ ಕಥೆಗಳನ್ನ ಹೇಳಿ ‘ನೋಡಿ, ಉಪಯೋಗ ಇದೆ’ ಅನ್ನಬಹುದು. ಆದ್ರೆ ನಮಗೆ ಆ ವಾದ ಇಷ್ಟ ಇಲ್ಲ. ಒಂಬತ್ತು ಜನರಲ್ಲಿ ಒಬ್ಬರೂ ಕಾರ್ ಡಿಸೈನರ್ ಆಗದೇ ಇರಬಹುದು. ಆರು ಜನ ಬೆಂಗಳೂರಿನ ಯಾವುದೋ ಟೆಕ್ ಪಾರ್ಕಿನಲ್ಲಿ ಟಿಕೆಟ್ ಕ್ಲೋಸ್ ಮಾಡ್ತಾ ಇರ್ತೀವಿ, ಅದು ಖಚಿತ. ರೆಸ್ಯೂಮೆಯಲ್ಲಿ ಬರೆಯೋಕೆ ಆಗದ ಒಂದು ಕೆಲಸ ನಾಲ್ಕು ವರ್ಷದಲ್ಲಿ ಇರಬೇಕು ಅನ್ನೋದಷ್ಟೇ ನಮ್ಮ ಹಟ. ಅದಕ್ಕೇ ಇನ್ನೊಂದು ವಿನಂತಿ: ಮೂಲೆ ಕೊಟ್ಟ ಮೇಲೆ ದಯವಿಟ್ಟು ಅದಕ್ಕೆ ಆಕ್ಟಿವಿಟಿ ಪಾಯಿಂಟ್ಸ್ ಕೊಡಬೇಡಿ. ಕೊಟ್ಟ ಮರುದಿನ ಇನ್ನೂರು ಜನ ಹೆಸರು ಬರೆಸ್ತಾರೆ, ಸೀನಿಯರ್ ಮಾಡಿದ ಕಾರು ಕೈಯಲ್ಲಿ ಹಿಡಿದು ಫೋಟೋ ತೆಗೆಸ್ಕೊಳ್ತಾರೆ. ಮೊದಲ ವರ್ಷದ ಫಿಟ್ಟಿಂಗ್ ಜಾಬುಗಳು ಹಳೇ ಯುಎಸ್‌ಎನ್ ಉಜ್ಜಿಸ್ಕೊಂಡು ಎಷ್ಟು ಬ್ಯಾಚು ದಾಟಿವೆ ಅನ್ನೋದು ಎಲ್ಲರಿಗೂ ಗೊತ್ತಿರೋ ಗುಟ್ಟು.

ದುಡ್ಡಿನ ಮಾತು ನ್ಯಾಯವಾದದ್ದು. ಆಮದಾದ ಒಳ್ಳೆ ಕಿಟ್ ಒಂದಕ್ಕೆ ಮೂರು-ನಾಲ್ಕು ಸಾವಿರ ಆಗುತ್ತೆ, ಬಣ್ಣ ಬೇರೆ. ಎಜುಕೇಷನ್ ಲೋನಿನಲ್ಲಿ ಓದೋರಿಗೆ ‘ಹವ್ಯಾಸ ಬೆಳೆಸಿಕೊಳ್ಳಿ’ ಅಂತ ಇದನ್ನ ಹೇಳೋದು ಕ್ರೂರ. ಆದ್ರೆ ಕಲಿಯೋಕೆ ಕಿಟ್ ಬೇಕಿಲ್ಲ. ಕ್ಯಾಂಟೀನಿನ ಪ್ಲಾಸ್ಟಿಕ್ ಚಮಚದ ಬೆನ್ನು ಕಾರಿನ ಬಾನೆಟ್ಟಿನ ಹಾಗೇ ಬಾಗಿರುತ್ತೆ. ನಮ್ಮಲ್ಲಿ ಎಲ್ಲರೂ ಮೊದಲು ಬಣ್ಣ ಹೊಡೆದದ್ದು ಚಮಚಕ್ಕೇ, ಈಗಲೂ ಹೊಸ ಬಣ್ಣದ ಪರೀಕ್ಷೆ ಅದರ ಮೇಲೇ. ಊರಿನ ಜಾತ್ರೆಯಲ್ಲಿ ಕೊಂಡ, ತಂಗಿ ಆಡಿ ಬಿಟ್ಟ ಅಂಬಾಸಿಡರ್ ಆಟಿಕೆಯನ್ನ ಬಿಚ್ಚಿ, ಉಜ್ಜಿ, ಮತ್ತೆ ಬಣ್ಣ ಹೊಡೆದವನು ನಮ್ಮಲ್ಲಿದ್ದಾನೆ. ಅದು ನಮ್ಮ ಶೆಲ್ಫಿನ ಅತ್ಯಂತ ಚಂದದ ಕಾರು, ಪೋರ್ಷೆ ಪಕ್ಕದಲ್ಲೇ ಇದೆ. ಏರ್‌ಬ್ರಷ್, ಮಾಸ್ಕು, ಬೂತು ಎಲ್ಲರದ್ದೂ ಆದ್ರೆ ತಲೆಗೆ ಬೀಳೋ ಖರ್ಚು ತಿಂಗಳ ಟೀ ದುಡ್ಡಿಗಿಂತ ಕಮ್ಮಿ.

ಮೂಲೆ ಸಿಕ್ಕರೆ ಮೊದಲು ಏನು ಮಾಡ್ತೀವಿ ಅಂತ ಆಗಲೇ ಜಗಳ ಆಡಿ ತೀರ್ಮಾನಿಸಿದ್ದೀವಿ. ರೇವಾ. ಬೆಂಗಳೂರಿನಲ್ಲೇ ಹುಟ್ಟಿ 2001ರಲ್ಲಿ ರಸ್ತೆಗೆ ಇಳಿದ, ಲಂಡನ್ನಿನ ಬೀದಿಯಲ್ಲಿ ಜಿ-ವಿಜ್ ಅನ್ನೋ ಹೆಸರಲ್ಲಿ ಓಡಾಡಿದ ಆ ಪುಟ್ಟ ಎಲೆಕ್ಟ್ರಿಕ್ ಕಾರು. ಉಕ್ಕಿನ ಚೌಕಟ್ಟಿನ ಮೇಲೆ ಅದರ ಹೊರಮೈ ಎಬಿಎಸ್ ಪ್ಲಾಸ್ಟಿಕ್. ಪ್ಲಾಸ್ಟಿಕ್ ಕಾರಿನ ಪ್ಲಾಸ್ಟಿಕ್ ಮಾದರಿ ಅಂದ್ರೆ ಅಳತೆ ಬಿಟ್ಟು ಉಳಿದದ್ದೆಲ್ಲ ನಿಜವೇ. ಊರಿನಲ್ಲಿ ಇನ್ನೂ ಒಂದೆರಡು ಮನೆಯ ಮುಂದೆ ನಿಂತಿವೆ, ಟೇಪು ಹಿಡಿದು ಹೋಗಿ ಕೇಳಿದ್ರೆ ಅಳತೆ ತಗೊಳ್ಳೋಕೆ ಬಿಡ್ತಾರೆ ಅನ್ನೋ ನಂಬಿಕೆ. ಉದ್ದ ಸುಮಾರು 2.6 ಮೀಟರ್, ನಮ್ಮ ಅಳತೆಯಲ್ಲಿ 11 ಸೆಂ.ಮೀ. ಕ್ಯಾಡ್‌ನಲ್ಲಿ ಬರೆದು ಲ್ಯಾಬಿನ ತ್ರೀಡಿ ಪ್ರಿಂಟರಿಗೆ ಕೊಡೋದು. ಪ್ರಿಂಟರಿನ 0.2 ಮಿ.ಮೀ. ಪದರ ನಿಜವಾದ ಕಾರಿನ ಲೆಕ್ಕದಲ್ಲಿ 4.8 ಮಿ.ಮೀ. ಮೆಟ್ಟಿಲು. ಛಾವಣಿ ಮೇಲೆ ಗದ್ದೆಯ ಬದುಗಳ ಹಾಗೆ ಕಾಣುತ್ತೆ. ಪ್ರೈಮರ್ ಹೊಡಿ, ಉಜ್ಜು, ಮತ್ತೆ ಹೊಡಿ, ಮತ್ತೆ ಉಜ್ಜು. ಪ್ರಿಂಟ್ ಆಗೋಕೆ ಒಂದು ರಾತ್ರಿ, ಕೈಯಲ್ಲಿ ನುಣುಪು ಮಾಡೋಕೆ ಮೂರು ವಾರ ಅಂತ ನಮ್ಮ ಅಂದಾಜು. ಬಣ್ಣ ಕೆಂಪೋ ಹಳದಿಯೋ ಅನ್ನೋದು ಮಾತ್ರ ಇನ್ನೂ ತೀರ್ಮಾನ ಆಗಿಲ್ಲ.

ಪ್ರಿನ್ಸಿಪಾಲರಿಗೆ ಬರೆದ ಅರ್ಜಿ, ಬೂತಿನ ಡ್ರಾಯಿಂಗು, ಖರ್ಚಿನ ಅಂದಾಜು ಮೂರೂ ಕನ್ನಡ ಕೂಟದ ರೂಮಿನ ಮೇಜಿನ ಮೇಲಿವೆ. ವರ್ಕ್‌ಶಾಪ್ ಸೂಪರಿಂಟೆಂಡೆಂಟ್ ಸರ್ ಡ್ರಾಯಿಂಗ್ ನೋಡಿ ಡಕ್ಟಿನ ಎರಡನೇ ಬಾಗು ತೆಗೆದುಹಾಕಿ ಅಂದಿದ್ದಾರೆ, ತೆಗೆದಿದ್ದೀವಿ. ಈವರೆಗೆ 63 ಸಹಿ ಆಗಿವೆ, ಅದರಲ್ಲಿ ಹನ್ನೊಂದು ಬಾಹಾ ಟೀಮಿನವರದ್ದು. ಶುಕ್ರವಾರ ಸಂಜೆ 5ಕ್ಕೆ ಅರ್ಜಿ ಒಳಗೆ ಹೋಗುತ್ತೆ. ಅಷ್ಟರೊಳಗೆ ಬಂದು ಓದಿ, ಲೆಕ್ಕ ತಪ್ಪಿದ್ರೆ ಪೆನ್ಸಿಲ್ಲಿನಲ್ಲಿ ತಿದ್ದಿ, ಒಪ್ಪಿಗೆಯಾದ್ರೆ ಸಹಿ ಹಾಕಿ.